ಅಪಾಯದ ಗುಂಪಿನಲ್ಲಿ ನಾವೂ ಇದ್ದೇವೆಯೆ?
ರಕ್ತದ ಮೂಲಕ ಹರಡುವ ವೈರಾಣುಗಳು, ಅವುಗಳ ಪರೀಕ್ಷೆ ಮತ್ತು ನಮ್ಮ ಮನೆಗಳು

ಖಡಕಿ ಎಂದೊಡನೆ ಇತಿಹಾಸ ಬಲ್ಲವರಿಗೆ 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ನಡೆದ ಯುದ್ಧ ನೆನಪಾಗುತ್ತದೆ. ಪುಣೆಯಲ್ಲಿ ನೆಲೆಸಿರುವ ನಮ್ಮವರಿಗೆ ಮದ್ದುಗುಂಡು ಕಾರ್ಖಾನೆ, ದಂಡುಪ್ರದೇಶದ ಅಗಲವಾದ ರಸ್ತೆಗಳು, ಖಡಕಿ ಬಜಾರಿನ ಗದ್ದಲ ನೆನಪಾಗುತ್ತವೆ. ನನಗೆ ಮಾತ್ರ ಇದು ಎರಡು ಬಾಟಲಿ ರಕ್ತದ ಋಣವಿರುವ ಊರು. 1993ರ ಮಳೆಗಾಲದಲ್ಲಿ, ಇಲ್ಲಿಯ ಬ್ಯಾಂಕ್ ಶಾಖೆಯೊಂದರಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದಿದ್ದಾಗ, ಮುಂಬಯಿ-ಪುಣೆ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡೆ. ಧಾರವಾಡದಿಂದ ಧಾವಿಸಿ ಬಂದ ತಂದೆಯವರು ಯಾರಿಗೋ ಹಣ ತೆತ್ತು ಎರಡು ಬಾಟಲಿ ರಕ್ತವನ್ನು ಹೊಂದಿಸಿದರು. ಅದನ್ನು ಕೊಟ್ಟವನ ಹೆಸರನ್ನು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಾಲು ನೆಟ್ಟಗಾಯಿತು, ಮದುವೆಯಾಯಿತು, ಮಕ್ಕಳಾದರು.

ಈ ಘಟನೆಯನ್ನು ನಾನು ಮರೆತೇಬಿಟ್ಟಿದ್ದೆ. ಎರಡು ವರ್ಷಗಳ ಹಿಂದೆ ನಮ್ಮ ಬಳಗದವರು ಏರ್ಪಡಿಸಿದ್ದ ರಕ್ತದಾನ ಶಿಬಿರದಲ್ಲಿ ಮೇಜಿನ ಹಿಂದೆ ಕುಳಿತು ಹೆಸರು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಬಿಡುವಿನ ವೇಳೆಯಲ್ಲಿ ರಕ್ತನಿಧಿಯ ತರುಣ ವೈದ್ಯರೊಡನೆ ಮಾತಿಗೆ ಮಾತು ಬಂದು ಹಳೆಯ ಅಪಘಾತದ ಕಥೆ ಹೇಳಿದೆ. ಅವರು ನಗುತ್ತಲೇ, "ಹಾಗಾದರೆ ತಾವೂ ಒಮ್ಮೆ ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. 2001ಕ್ಕೆ ಮೊದಲು ರಕ್ತ ಪಡೆದವರು ನಮ್ಮ ಲೆಕ್ಕದಲ್ಲಿ ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತಾರೆ" ಎಂದರು. ನಿಜ ಹೇಳುವುದಾದರೆ ನನಗೆ ಸ್ವಲ್ಪ ಅವಮಾನವೇ ಆಯಿತು. ಹೆಚ್ಚಿನ ಅಪಾಯದ ಗುಂಪು ಎಂಬ ಮಾತನ್ನು ಪತ್ರಿಕೆಗಳಲ್ಲಿ ಎಷ್ಟೋ ಬಾರಿ ಓದಿದ್ದೇನೆ. ಅದು ಬೇರೆ ಯಾರನ್ನೋ ಕುರಿತದ್ದೆಂದು ಭಾವಿಸಿ ಪುಟ ತಿರುವಿದ್ದೇನೆ. ನಾನು ವೈದ್ಯನಲ್ಲ, ಕಲಾ ವಿಭಾಗದ ಪದವೀಧರ. ಲೆಕ್ಕಪತ್ರಗಳ ನಡುವೆ ಆಯುಷ್ಯ ಕಳೆದವನು. ಆದರೂ ಅಂದಿನಿಂದ ಈ ವಿಷಯವನ್ನು ಕುರಿತು ಓದಿ, ತಿಳಿದವರನ್ನು ಕೇಳಿ, ಅರ್ಥವಾದಷ್ಟನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಮೂರು ವೈರಾಣುಗಳು

ರಕ್ತದ ಮೂಲಕ ಹರಡುವ ವೈರಾಣುಗಳಲ್ಲಿ ಮುಖ್ಯವಾದವು ಮೂರು: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ. ಮೊದಲನೆಯದರ ಸುಳಿವನ್ನು 1960ರ ದಶಕದಲ್ಲಿ ಪತ್ತೆಹಚ್ಚಿದ ಬರೂಚ್ ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅವರ ಜನ್ಮದಿನವಾದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನವಾಗಿದೆ. ಎಚ್‌ಐವಿಯನ್ನು ವಿಜ್ಞಾನಿಗಳು ಗುರುತಿಸಿದ್ದು 1983ರಲ್ಲಿ. ಹೆಪಟೈಟಿಸ್ ಸಿ ಪತ್ತೆಯಾದದ್ದು ಎಲ್ಲಕ್ಕಿಂತ ತಡವಾಗಿ, 1989ರಲ್ಲಿ. ಅದಕ್ಕೆ ಮೊದಲು ವೈದ್ಯರು ಅದನ್ನು 'ಎ-ಯೂ ಅಲ್ಲ, ಬಿ-ಯೂ ಅಲ್ಲ' ಎಂಬ ವಿಚಿತ್ರ ಹೆಸರಿನಿಂದ ಕರೆಯುತ್ತಿದ್ದರಂತೆ.

ಮೂರೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ: ಸೋಂಕಿರುವ ರಕ್ತ, ಒಬ್ಬರಿಗೆ ಚುಚ್ಚಿ ಮತ್ತೊಬ್ಬರಿಗೆ ಚುಚ್ಚಿದ ಸೂಜಿ, ಲೈಂಗಿಕ ಸಂಪರ್ಕ, ಹೆರಿಗೆಯ ವೇಳೆಯಲ್ಲಿ ತಾಯಿಯಿಂದ ಮಗುವಿಗೆ. ಆದರೆ ಸ್ವಭಾವ ಒಂದೇ ಅಲ್ಲ. ಹೆಪಟೈಟಿಸ್ ಬಿ ಅತ್ಯಂತ ಹಟಮಾರಿ. ದೇಹದ ಹೊರಗೆ ಒಣಗಿದ ರಕ್ತದ ಕಲೆಯಲ್ಲಿಯೂ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ವೈದ್ಯಕೀಯ ಸಿಬ್ಬಂದಿಗೆ ಆಕಸ್ಮಿಕವಾಗಿ ಸೂಜಿ ಚುಚ್ಚಿದಾಗ ಸೋಂಕು ತಗಲುವ ಸಂಭವವನ್ನು ಹೇಳುವ ಒಂದು ಹಳೆಯ ಲೆಕ್ಕವಿದೆ: ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ನೂರಕ್ಕೆ ಮೂವತ್ತರವರೆಗೆ, ಸಿ ನೂರಕ್ಕೆ ಸುಮಾರು ಮೂರು, ಎಚ್‌ಐವಿ ಸಾವಿರಕ್ಕೆ ಮೂರು. ನಾವು ಹೆದರುವ ಕ್ರಮ ಇದಕ್ಕೆ ತದ್ವಿರುದ್ಧವಾಗಿರುವುದನ್ನು ಗಮನಿಸಿ. ಎಚ್‌ಐವಿ ಎಂದರೆ ಮಾತು ನಿಲ್ಲಿಸುವ ನಾವು ಹೆಪಟೈಟಿಸ್ ಬಿ ಎಂದರೆ 'ಕಾಮಾಲೆ ತಾನೆ' ಎಂದು ನಾಟಿ ಔಷಧಿಗೆ ಹೊರಡುತ್ತೇವೆ.

ಬಿ ಮತ್ತು ಸಿ ಎರಡೂ ಯಕೃತ್ತಿನ ಶತ್ರುಗಳು. ಇಪ್ಪತ್ತು ಮೂವತ್ತು ವರ್ಷ ಯಾವ ಲಕ್ಷಣವನ್ನೂ ತೋರದೆ ಒಳಗೊಳಗೇ ಯಕೃತ್ತನ್ನು ಗಟ್ಟಿಯಾಗಿಸಿ, ಕೆಲವರಲ್ಲಿ ಕ್ಯಾನ್ಸರಿಗೂ ದಾರಿ ಮಾಡಿಕೊಡುತ್ತವೆ. ಆಗ ಬಂಧುಗಳು 'ಗುಟ್ಟಾಗಿ ಕುಡಿಯುತ್ತಿದ್ದನೇನೋ' ಎಂದು ಪಿಸುಗುಟ್ಟುತ್ತಾರೆ. ಜನ್ಮತಃ ಸಾತ್ತ್ವಿಕರಾದವರ ಮೇಲೂ ಈ ಅಪವಾದ ಬಂದುದನ್ನು ನಾನು ಕಂಡಿದ್ದೇನೆ. ಶೈಶವದಲ್ಲಿ ಬಿ ಸೋಂಕು ತಗಲಿದರೆ ಅದು ಬಹುಪಾಲು ಮಕ್ಕಳಲ್ಲಿ ಜೀವನಪರ್ಯಂತ ಉಳಿಯುತ್ತದೆ. ಆರೋಗ್ಯವಂತ ವಯಸ್ಕರಿಗೆ ತಗಲಿದರೆ ನೂರರಲ್ಲಿ ಐದಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಉಳಿಯುತ್ತದೆ. ಸಿ ಹಾಗಲ್ಲ, ತಗಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ನೆಲೆಯೂರಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು 2.98 ಕೋಟಿ, ಸಿ ಇದ್ದವರು 55 ಲಕ್ಷ. ಎಚ್‌ಐವಿಯೊಡನೆ ಬಾಳುತ್ತಿರುವವರು, 2021ರ ರಾಷ್ಟ್ರೀಯ ಅಂದಾಜಿನಂತೆ, ಸುಮಾರು 24 ಲಕ್ಷ. ಅವರಲ್ಲಿ ಮಹಾರಾಷ್ಟ್ರದಲ್ಲಿ 3.94 ಲಕ್ಷ, ನಮ್ಮ ಕರ್ನಾಟಕದಲ್ಲಿ 2.76 ಲಕ್ಷ.

ಭೋಸರಿಯ 'ನಾರಿ' ಹೇಳಿದ ಸತ್ಯ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ವೈದ್ಯೆ ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರೂ ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತವನ್ನು ಪರೀಕ್ಷೆಗೆ ಒಳಪಡಿಸಿದಾಗ ಅದು ಬೆಳಕಿಗೆ ಬಂದಿತು. ಮೊದಲು ಅಲ್ಲಿ ಹುಡುಕಿದ್ದರಿಂದ ಮೊದಲು ಅಲ್ಲಿ ಸಿಕ್ಕಿತು. ಆದರೆ ಸಮಾಜ ಅದನ್ನು ಅಲ್ಲಿಯದೇ ರೋಗವೆಂದು ತೀರ್ಮಾನಿಸಿ ನಿಶ್ಚಿಂತವಾಯಿತು.

ಪುಣೆಯ ಬುಧವಾರ ಪೇಠೆಯ ಓಣಿಗಳಲ್ಲಿ ಕನ್ನಡ ಮಾತು ಕಿವಿಗೆ ಬೀಳುತ್ತಿದ್ದುದು ಹಳಬರೆಲ್ಲರಿಗೂ ಗೊತ್ತು. ಯಾರೂ ಸಂಘದ ಸಭೆಗಳಲ್ಲಿ ಆಡುತ್ತಿರಲಿಲ್ಲ, ಅಷ್ಟೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಬಡ ಹೆಣ್ಣುಮಕ್ಕಳು, ದೇವದಾಸಿ ಪದ್ಧತಿಯ ಬಲಿಪಶುಗಳೂ ಸೇರಿದಂತೆ, ಆ ಬೀದಿಗೆ ಬಂದು ಬೀಳುತ್ತಿದ್ದರು. ಕರ್ನಾಟಕದಲ್ಲಿ ಆ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1982ರದು. ಕಾಯಿದೆ ಬಂದ ಮಾತ್ರಕ್ಕೆ ಬಸ್ಸುಗಳು ನಿಲ್ಲಲಿಲ್ಲ.

ಖಡಕಿಯಿಂದ ದಾಪೋಡಿಯ ಕಡೆಗೆ ನದಿ ದಾಟಿ, ನಾಸಿಕ್ ಫಾಟಾದಲ್ಲಿ ಬಲಕ್ಕೆ ತಿರುಗಿದರೆ ಭೋಸರಿ. ಅಲ್ಲಿ 1992ರಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಇಂಗ್ಲಿಷಿನ ಮೊದಲಕ್ಷರಗಳು ಕೂಡಿ ಅದರ ಹೆಸರು 'ನಾರಿ' ಎಂದಾಯಿತು. ಈಗ ಸಂಸ್ಥೆಯ ಹೆಸರು ಬದಲಾಗಿದೆ. ಆದರೆ ಹಳೆಯ ಹೆಸರು ಎಂಥ ಅರ್ಥಪೂರ್ಣ ಆಕಸ್ಮಿಕವೆಂಬುದು ಮುಂದಿನ ಸಂಗತಿಯಿಂದ ತಿಳಿಯುತ್ತದೆ. (ವೈರಾಣು ಸಂಶೋಧನೆಯಲ್ಲಿ ಪುಣೆಗೆ ಹಳೆಯ ಪರಂಪರೆಯಿದೆ. 1952ರಲ್ಲಿ ಇಲ್ಲಿ ಆರಂಭವಾದ ವೈರಸ್ ಸಂಶೋಧನಾ ಕೇಂದ್ರದವರೇ 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಾಣುವನ್ನು ಗುರುತಿಸಿದವರು.)

'ನಾರಿ'ಯ ವೈದ್ಯ ರಮಣ ಗಂಗಾಖೇಡ್ಕರ್ ಮತ್ತು ಅವರ ಸಂಗಡಿಗರು 1993ರಿಂದ 1996ರವರೆಗೆ ಪುಣೆಯ ಲೈಂಗಿಕ ರೋಗ ಚಿಕಿತ್ಸಾಲಯಗಳಿಗೆ ಬಂದ ಮಹಿಳೆಯರನ್ನು ಪರೀಕ್ಷಿಸಿದರು. ಇದೇ ಗಂಗಾಖೇಡ್ಕರ್ ಅವರನ್ನು 2020ರ ಕೊರೊನಾ ದಿನಗಳಲ್ಲಿ ನಾವೆಲ್ಲ ಸಂಜೆಯ ದೂರದರ್ಶನದಲ್ಲಿ ಕಂಡೆವು. ಅವರ ಅಧ್ಯಯನ 1997ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೈಂಗಿಕ ವೃತ್ತಿಯಲ್ಲಿದ್ದವರಲ್ಲಿ ಶೇಕಡಾ 49.9ರಷ್ಟು ಮಂದಿಗೆ ಎಚ್‌ಐವಿ ಸೋಂಕಿತ್ತು. ಇದು ಯಾರನ್ನೂ ಬೆರಗುಗೊಳಿಸಲಿಲ್ಲ. ಬೆರಗುಗೊಳಿಸಿದ್ದು ಇನ್ನೊಂದು ಅಂಕಿ. ಆ ವೃತ್ತಿಯಲ್ಲಿಲ್ಲದ ಮಹಿಳೆಯರಲ್ಲಿ ಶೇಕಡಾ 13.6ರಷ್ಟು ಮಂದಿಗೆ ಸೋಂಕಿತ್ತು. ಇವರಲ್ಲಿ ಬಹುತೇಕರು ಗೃಹಿಣಿಯರು. ಗಂಡನನ್ನು ಬಿಟ್ಟು ಬೇರೊಬ್ಬರನ್ನು ಅರಿಯದವರು.

ಅಂಕಿಯನ್ನು ಎಚ್ಚರದಿಂದ ಓದಬೇಕು. ಇದು ಪುಣೆಯ ಸಮಸ್ತ ಗೃಹಿಣಿಯರ ಲೆಕ್ಕವಲ್ಲ, ರೋಗಲಕ್ಷಣಗಳಿಂದಾಗಿ ಆ ಚಿಕಿತ್ಸಾಲಯಗಳಿಗೆ ಬಂದವರ ಲೆಕ್ಕ. ಆದರೆ ಯಾವ ಪಟ್ಟಿಯಲ್ಲಿಯೂ ಇಲ್ಲದ ಹೆಣ್ಣುಮಕ್ಕಳು ಸೋಂಕಿಗೆ ಒಳಗಾಗಿದ್ದರು ಎಂಬುದನ್ನು ತಿಳಿಯಲು ಅಷ್ಟು ಸಾಕು. ಅವರ ಅಪಾಯ ಅವರ ನಡತೆಯಲ್ಲಿರಲಿಲ್ಲ, ಮದುವೆಯಲ್ಲಿತ್ತು.

ಆ ವರ್ಷಗಳಲ್ಲಿಯೇ ಒಂದು ಮಧ್ಯಾಹ್ನ ನಮ್ಮ ಶಾಖೆಗೆ ಮೃತ ಗಂಡನ ಖಾತೆಯ ಹಣ ಕೇಳಲು ಒಬ್ಬ ಹೆಣ್ಣುಮಗಳು ಬಂದಿದ್ದಳು. ವಯಸ್ಸು ಇಪ್ಪತ್ತೈದನ್ನು ದಾಟಿರಲಾರದು. ಮರಾಠಿಯಲ್ಲಿ ತಡವರಿಸುತ್ತಿದ್ದವಳು ನನ್ನ ಬಾಯಲ್ಲಿ ಕನ್ನಡ ಕೇಳಿದೊಡನೆ ಅಳತೊಡಗಿದಳು. ಗಂಡ ಟಿಬಿಯಿಂದ ಸತ್ತನೆಂದು ಮನೆಯವರು ಹೇಳುತ್ತಿದ್ದರಂತೆ. ಆದರೆ ಅತ್ತೆ ಇವಳ ತಟ್ಟೆ-ಲೋಟವನ್ನು ಬೇರೆ ಇಟ್ಟಿದ್ದಳು. 'ಟಿಬಿಯಾದರೆ ಅವರ ತಟ್ಟೆ ಬೇರೆ ಇಡಬೇಕಿತ್ತಲ್ಲರೀ, ನನ್ನದ್ಯಾಕೆ?' ಎಂದು ಅವಳು ಕೇಳಿದ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ. ಉತ್ತರ ನನಗೆ ತಿಳಿದಿತ್ತು. ಪರೀಕ್ಷೆ ಮಾಡಿಸಿಕೋ ತಾಯಿ ಎಂದು ಹೇಳುವ ಧೈರ್ಯ ಬರಲಿಲ್ಲ. ಅರ್ಜಿಯ ಎರಡು ಕಡೆ ಹೆಬ್ಬೆರಳು ಒತ್ತಿಸಿಕೊಂಡು, ಹಣ ಎಣಿಸಿ ಕೊಟ್ಟು ಕಳುಹಿಸಿದೆ. ಆಗ ಔಷಧಿ ಬಡವರ ಕೈಗೆ ಎಟುಕುತ್ತಿರಲಿಲ್ಲವೆಂಬುದು ನಿಜ. ಸರ್ಕಾರ ಉಚಿತ ಚಿಕಿತ್ಸೆಯನ್ನು ಆರಂಭಿಸಿದ್ದು 2004ರ ಏಪ್ರಿಲ್‌ನಲ್ಲಿ. ಆದರೂ ಅವಳ ಕಂಕುಳಲ್ಲಿ ಒಂದು ಕೂಸಿತ್ತು.

ಅಂಕಿಗಳ ಅರ್ಥ

ಹರಡಿಕೆಯ ಪ್ರಮಾಣ ಎಂದು ಆರೋಗ್ಯ ಇಲಾಖೆಯವರು ಹೇಳುವ ಅಂಕಿ ಬ್ಯಾಂಕಿನವರ ಭಾಷೆಯಲ್ಲಿ ಖಾತೆಯ ಶಿಲ್ಕು ಇದ್ದಂತೆ. ಇಂದಿನ ದಿನ ನೂರು ಜನರಲ್ಲಿ ಎಷ್ಟು ಮಂದಿಗೆ ಸೋಂಕಿದೆ ಎಂಬುದಷ್ಟನ್ನೇ ಅದು ಹೇಳುತ್ತದೆ. ಹೊಸ ಸೋಂಕು ಜಮೆ, ಸಾವು ಖರ್ಚು. ಔಷಧಿಯಿಂದ ಸಾವು ಕಡಿಮೆಯಾದರೆ, ಹೊಸ ಜಮೆ ತಗ್ಗಿದರೂ ಶಿಲ್ಕು ಥಟ್ಟನೆ ಇಳಿಯುವುದಿಲ್ಲ. 2010ರಿಂದ 2021ರ ನಡುವೆ ಭಾರತದಲ್ಲಿ ವಾರ್ಷಿಕ ಹೊಸ ಎಚ್‌ಐವಿ ಸೋಂಕು ಸುಮಾರು ಶೇಕಡಾ 46ರಷ್ಟು ಇಳಿದಿದೆ. ಸೋಂಕಿತರ ಸಂಖ್ಯೆ ಮಾತ್ರ ಲಕ್ಷಗಳಲ್ಲಿಯೇ ನಿಂತಿರುವುದು ಇದೇ ಕಾರಣದಿಂದ. ಅದು ಸೋಲಿನ ಗುರುತಲ್ಲ.

2021ರಲ್ಲಿ ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇಕಡಾ 0.21. ಅದೇ ವರ್ಷದ ಕಣ್ಗಾವಲು ಸಮೀಕ್ಷೆಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ 1.85, ಪುರುಷರೊಡನೆ ಸಂಪರ್ಕವಿರುವ ಪುರುಷರಲ್ಲಿ 3.26, ತೃತೀಯ ಲಿಂಗಿಗಳಲ್ಲಿ 3.78, ಮಾದಕದ್ರವ್ಯವನ್ನು ಸೂಜಿಯಿಂದ ಚುಚ್ಚಿಕೊಳ್ಳುವವರಲ್ಲಿ 9.03. ಸೆರೆಮನೆಗಳಲ್ಲಿರುವವರಲ್ಲಿ 1.93. ಮೊದಲನೆಯ ಅಂಕಿಯನ್ನು ಪುಣೆಯ ಆ 49.9ರ ಪಕ್ಕದಲ್ಲಿ ಇಟ್ಟು ನೋಡಿ. ಒಂದು ಒಂದು ನಗರದ ಚಿಕಿತ್ಸಾಲಯದ್ದು, ಇನ್ನೊಂದು ದೇಶದ್ದು, ನೇರ ಹೋಲಿಕೆ ಸಲ್ಲದು. ಆದರೂ ದಿಕ್ಕು ಕಾಣುತ್ತದೆ. ಈ ಮಹಿಳೆಯರು ತಾವೇ ಸಂಘಟಿತರಾಗಿ, ಕಾಂಡೋಮ್ ಇಲ್ಲದೆ ಗಿರಾಕಿಯನ್ನು ಒಪ್ಪುವುದಿಲ್ಲವೆಂದು ಹಟ ಹಿಡಿದದ್ದರ ಫಲ ಇದರಲ್ಲಿದೆ. ಸಾಂಗಲಿಯಲ್ಲಿ 1990ರ ದಶಕದಲ್ಲಿ ನಡೆದ ಕೆಲಸ, ಮೈಸೂರಿನಲ್ಲಿ 2004ರಿಂದ ಆಶೋದಯ ಸಮಿತಿ ಮಾಡಿದ ಕೆಲಸ ಇಂಥವು. ಅವರು ಕಾಪಾಡಿದ್ದು ತಮ್ಮನ್ನು ಮಾತ್ರವಲ್ಲ, ಗಿರಾಕಿಗಳ ಮನೆಯಲ್ಲಿದ್ದ ಹೆಂಡಿರನ್ನೂ.

ಪರೀಕ್ಷೆಯ ವಿಷಯದಲ್ಲಿ ಬಹುಜನರನ್ನು ಕಂಗೆಡಿಸುವ ಒಂದು ಸಂಗತಿಯಿದೆ. ನೋಟು ಎಣಿಸುವ ಯಂತ್ರ ಒಂದು ನೋಟನ್ನು ಖೋಟಾ ಎಂದು ಹೊರಗೆ ತಳ್ಳಿದರೆ ನಾವು ಕೂಡಲೇ ಗಿರಾಕಿಯನ್ನು ಪೋಲೀಸರಿಗೆ ಒಪ್ಪಿಸುವುದಿಲ್ಲ; ಬೆಳಕಿಗೆ ಹಿಡಿದು, ನೀರುಗುರುತು ನೋಡಿ, ಇನ್ನೊಮ್ಮೆ ಪರೀಕ್ಷಿಸುತ್ತೇವೆ. ರಕ್ತದ ಪರೀಕ್ಷೆಯೂ ಹಾಗೆಯೇ. ವಿವರಣೆಗಾಗಿ, ಸೋಂಕಿಲ್ಲದ ನೂರು ಜನರಲ್ಲಿ ಒಬ್ಬರನ್ನು ತಪ್ಪಾಗಿ ಸೋಂಕಿತರೆಂದು ತೋರಿಸುವ ಒಂದು ಪರೀಕ್ಷೆ ಇದೆಯೆನ್ನಿ. ನಿಜವಾದ ಪರೀಕ್ಷೆಗಳು ಇದಕ್ಕಿಂತ ಉತ್ತಮವಾದವು. ನಮ್ಮಂಥ ಹತ್ತು ಸಾವಿರ ಸಾಮಾನ್ಯ ಜನರಲ್ಲಿ ನಿಜವಾಗಿ ಸೋಂಕಿರುವವರು ಸುಮಾರು ಇಪ್ಪತ್ತು, ಅವರೆಲ್ಲ ಸಿಕ್ಕಿಬೀಳುತ್ತಾರೆ. ಆದರೆ ಉಳಿದವರಲ್ಲಿ ಸುಮಾರು ನೂರು ಮಂದಿಯೂ ತಪ್ಪಾಗಿ ಸಿಕ್ಕಿಬೀಳುತ್ತಾರೆ. ಅಂದರೆ ಪಾಸಿಟಿವ್ ಎಂದು ಬಂದ ಆರು ಜನರಲ್ಲಿ ಐವರಿಗೆ ಸೋಂಕೇ ಇಲ್ಲ! ಅದೇ ಪರೀಕ್ಷೆಯನ್ನು ಶೇಕಡಾ 9 ಸೋಂಕಿರುವ ಗುಂಪಿನ ಹತ್ತು ಸಾವಿರ ಜನರ ಮೇಲೆ ನಡೆಸಿದರೆ ನಿಜವಾದವರು ಒಂಬೈನೂರು, ತಪ್ಪಾದವರು ತೊಂಬತ್ತೊಂದು. ಪರೀಕ್ಷೆ ಅದೇ, ಅರ್ಥ ಬೇರೆ. ಈ ಕಾರಣಕ್ಕಾಗಿಯೇ ಸರ್ಕಾರಿ ಕೇಂದ್ರಗಳಲ್ಲಿ ಎಚ್‌ಐವಿ ಇದೆಯೆಂದು ಹೇಳುವ ಮೊದಲು ಮೂರು ಬೇರೆ ಬೇರೆ ಬಗೆಯ ಪರೀಕ್ಷೆಗಳನ್ನು ಮಾಡುತ್ತಾರೆ. ಅಪಾಯದ ಗುಂಪು ಎಂಬ ಮಾತು ಹುಟ್ಟಿದ್ದೇ ಎಲ್ಲಿ ಹುಡುಕಬೇಕು, ಫಲಿತಾಂಶವನ್ನು ಹೇಗೆ ಓದಬೇಕು ಎಂಬ ಇಂಥ ಲೆಕ್ಕಾಚಾರಕ್ಕಾಗಿ. ಅದು ಮನುಷ್ಯರ ಗುಣದ ಪ್ರಮಾಣಪತ್ರವಲ್ಲ.

ನೆಗೆಟಿವ್ ಬಂದರೂ ಒಂದು ಎಚ್ಚರ ಬೇಕು. ಸೋಂಕು ತಗಲಿದ ಮೊದಲ ಕೆಲವು ವಾರ ಪ್ರತಿಕಾಯಗಳು ರಕ್ತದಲ್ಲಿ ಕಾಣಿಸದಿರಬಹುದು. ಸಂದೇಹವಿದ್ದರೆ ಮೂರು ತಿಂಗಳ ನಂತರ ಮತ್ತೆ ನೋಡಬೇಕು. ಹೆಪಟೈಟಿಸ್ ಸಿ ಪ್ರತಿಕಾಯಗಳು ರೋಗ ಗುಣವಾದ ಮೇಲೂ ಉಳಿಯುತ್ತವೆಯಾದ್ದರಿಂದ, ಅದು ಪಾಸಿಟಿವ್ ಆದರೆ ವೈರಾಣು ಇನ್ನೂ ಇದೆಯೇ ಎಂದು ತಿಳಿಯಲು ಆರ್‌ಎನ್‌ಎ ಪರೀಕ್ಷೆ ಅಗತ್ಯ.

ನಮ್ಮ ಮನೆಗಳ ಪಟ್ಟಿ

ನನ್ನ ಬಾಟಲಿಗಳ ಕಥೆಗೆ ಮರಳುತ್ತೇನೆ. 1993ರಲ್ಲಿ ಹಣಕ್ಕೆ ರಕ್ತ ಮಾರುವುದು ನಮ್ಮ ದೇಶದಲ್ಲಿ ನಡೆಯುತ್ತಿದ್ದ ವ್ಯವಹಾರವೇ ಆಗಿತ್ತು. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ 1998ರ ಜನವರಿಯಿಂದ ಅದು ನಿಂತಿತು. ದಾನಿಯ ರಕ್ತಕ್ಕೆ ಎಚ್‌ಐವಿ ಪರೀಕ್ಷೆ 1989ರಲ್ಲಿ ಕಡ್ಡಾಯವಾದರೂ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಆದ್ದರಿಂದ ಅದಕ್ಕೆ ಮೊದಲು ಅಪಘಾತದಲ್ಲಿಯೋ, ಸಿಸೇರಿಯನ್ ಹೆರಿಗೆಯಲ್ಲಿಯೋ, ಗರ್ಭಕೋಶದ ಶಸ್ತ್ರಚಿಕಿತ್ಸೆಯಲ್ಲಿಯೋ ರಕ್ತ ಪಡೆದ ನಮ್ಮ ಪೀಳಿಗೆಯವರೆಲ್ಲ ಈ ಪಟ್ಟಿಯಲ್ಲಿದ್ದಾರೆ. ನಮ್ಮ ಸಂಘದ ಹಿರಿಯ ಸದಸ್ಯೆಯರನ್ನು ಎಣಿಸಿದರೆ ಒಂದು ಸಾಲು ಕುರ್ಚಿ ತುಂಬೀತು. ದೀರ್ಘಕಾಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಪದೇ ಪದೇ ರಕ್ತ ಬೇಕಾಗುವ ಥಲಸೇಮಿಯಾ ಮಕ್ಕಳು, ಆಸ್ಪತ್ರೆಯ ದಾದಿಯರು, ಪ್ರಯೋಗಾಲಯದವರು, ಕಸ ಆಯುವವರು ಇವರೂ ಇದ್ದಾರೆ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರನ್ನೂ ಬಿಡುವಂತಿಲ್ಲ.

2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದ ಸುತ್ತಮುತ್ತ ಹೆಪಟೈಟಿಸ್ ಬಿ ಹಠಾತ್ತನೆ ಹಬ್ಬಿ ಹತ್ತಾರು ಜೀವಗಳನ್ನು ಬಲಿ ತೆಗೆದುಕೊಂಡಿತು. ಸತ್ತವರು ಯಾವ ಕುಖ್ಯಾತ ಗುಂಪಿಗೂ ಸೇರಿದವರಲ್ಲ. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸುತ್ತಿದ್ದ ದವಾಖಾನೆಗಳಿಗೆ ಸಣ್ಣಪುಟ್ಟ ಕಾಯಿಲೆಗೆ ಹೋದದ್ದೇ ಅವರ ಅಪಾಯ. 'ಡಾಕ್ಟರೇ, ಗುಳಿಗೆ ಬೇಡ, ಒಂದು ಇಂಜೆಕ್ಷನ್ ಹಾಕಿಬಿಡಿ' ಎನ್ನುವ ನಮ್ಮ ಹಿರಿಯರ ಅಭ್ಯಾಸ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹೊಸ ಸಿರಿಂಜಿನ ಲಕೋಟೆಯನ್ನು ನಮ್ಮ ಕಣ್ಣೆದುರಿಗೇ ಹರಿಯಬೇಕೆಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ; ನಾಪಿತನ ಅಂಗಡಿಯಲ್ಲಿ ಹೊಸ ಬ್ಲೇಡ್ ಕೇಳುವವರು ಇಲ್ಲಿ ಏಕೆ ಸಂಕೋಚಪಡಬೇಕು?

ಮೂರರಲ್ಲಿ ಬಿ ಒಂದಕ್ಕೆ ಮಾತ್ರ ಲಸಿಕೆಯಿದೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀಯ ಲಸಿಕೆಯನ್ನು ಹೊರತಂದ ಮೇಲೆ ಬೆಲೆ ಇಳಿಯಿತು. 2011ರ ಹೊತ್ತಿಗೆ ಅದು ದೇಶದ ಎಲ್ಲ ಶಿಶುಗಳ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಮೊದಲ ಡೋಸನ್ನು ಹುಟ್ಟಿದ 24 ಗಂಟೆಗಳೊಳಗೆ ಕೊಡಬೇಕು. ಅದಕ್ಕಿಂತ ಮೊದಲು ಹುಟ್ಟಿದ ನಮ್ಮ ಮಕ್ಕಳಲ್ಲಿ ಹಲವರು, ನಾವಂತೂ ಬಹುಪಾಲು, ಲಸಿಕೆ ಪಡೆದವರಲ್ಲ. ವಯಸ್ಕರೂ ಮೂರು ಡೋಸು ಪಡೆಯಬಹುದು. ಸಿ ಸೋಂಕಿಗೆ ಲಸಿಕೆಯಿಲ್ಲದಿದ್ದರೂ ಸಾಮಾನ್ಯವಾಗಿ ಹನ್ನೆರಡು ವಾರ ಗುಳಿಗೆ ನುಂಗಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನ ಪೂರ್ಣ ಗುಣಹೊಂದುತ್ತಾರೆ. ಎಚ್‌ಐವಿ ಇರುವವರು ದಿನವೂ ಔಷಧಿ ಸೇವಿಸಿ ವೈರಾಣುವನ್ನು ಪರೀಕ್ಷೆಗೆ ಸಿಗದ ಮಟ್ಟಕ್ಕೆ ಇಳಿಸಿಕೊಂಡರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಪರೀಕ್ಷೆ, ಚಿಕಿತ್ಸೆ ಉಚಿತ. ಎಚ್‌ಐವಿ ಪರೀಕ್ಷೆಯೂ ಸರ್ಕಾರಿ ಆಪ್ತಸಮಾಲೋಚನಾ ಕೇಂದ್ರಗಳಲ್ಲಿ ಉಚಿತ, ಗೋಪ್ಯ. 2017ರ ಎಚ್‌ಐವಿ ಕಾಯಿದೆಯಂತೆ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ.

ಒಂದು ಬಿನ್ನಹ. ಪರೀಕ್ಷೆಯ ಸಲುವಾಗಿ ರಕ್ತದಾನ ಶಿಬಿರಕ್ಕೆ ಬರಬೇಡಿ. ಹೇಗೂ ಪರೀಕ್ಷಿಸುತ್ತಾರಲ್ಲ, ನಮ್ಮದೂ ತಿಳಿದುಹೋಗಲಿ ಎಂದು ಬರುವವರು ಇದ್ದಾರೆ. ಸೋಂಕು ಕಾಣಿಸಿಕೊಳ್ಳದ ಆ ಮೊದಲ ವಾರಗಳಲ್ಲಿ ಕೊಟ್ಟ ರಕ್ತ ಮತ್ತೊಬ್ಬರ ಮೈ ಸೇರೀತು. ಸಂದೇಹವಿದ್ದವರಿಗೆ ಪರೀಕ್ಷಾ ಕೇಂದ್ರವೇ ಸರಿಯಾದ ಸ್ಥಳ.

ಶಿಬಿರವಾದ ಮೂರು ವಾರಗಳಿಗೆ ನಾನು ಹೋದೆ. ಮೂರು ವಾರ ಏಕೆ ಬೇಕಾಯಿತೆಂದು ಕೇಳಿದರೆ ಹೇಳಲು ನಾಚಿಕೆ. ಸಾಲಿನಲ್ಲಿ ಪರಿಚಿತರು ಯಾರಾದರೂ ಸಿಕ್ಕಾರೆಂಬ ಅಳುಕು. ಸಿಕ್ಕೂ ಸಿಕ್ಕರು, ನಮ್ಮ ಶಾಖೆಯ ನಿವೃತ್ತ ಗುಮಾಸ್ತರೊಬ್ಬರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹವಾಮಾನದ ವಿಷಯ ಮಾತಾಡಿದೆವು. ನನ್ನ ಮೂರೂ ಪರೀಕ್ಷೆಗಳು ನೆಗೆಟಿವ್ ಬಂದವು. ಮನೆಗೆ ಬಂದು ವರದಿಯನ್ನು ಹೆಂಡತಿಯ ಕೈಗಿಟ್ಟೆ. ಅವಳು ಓದಿ, ಮಡಿಸಿ, 'ನನಗೂ ಎರಡನೆಯ ಹೆರಿಗೆಯಲ್ಲಿ ಒಂದು ಬಾಟಲಿ ಹಾಕಿದ್ದರಲ್ಲ, 1999ರಲ್ಲಿ' ಎಂದಳು. ಮುಂದಿನ ಸೋಮವಾರ ಇಬ್ಬರೂ ಒಟ್ಟಿಗೆ ಹೋದೆವು.